ಜಪಾನಿಗೆ ಹೊರಡುವ ಮುನ್ನ ನಾಲ್ಕು ಮಾತು

ಪರದೇಶಕ್ಕೆ ಹೊರಟವರು ಹಣ, ಉಡುಪು, ರಹದಾರಿಗಳನ್ನು ಸಿದ್ಧಪಡಿಸಿಕೊಳ್ಳುವುದು ಲೋಕರೂಢಿ. ನಾಲಿಗೆಯನ್ನು ಸಿದ್ಧಪಡಿಸಿಕೊಳ್ಳುವವರು ವಿರಳ. ಎರಡು ವಾರಗಳ ಜಪಾನ್ ಪ್ರವಾಸ ನಿಶ್ಚಯವಾದಾಗ ಮಿತ್ರರು, “ಕೈಯಲ್ಲಿರುವ ಫೋನೇ ಎಲ್ಲವನ್ನೂ ಭಾಷಾಂತರಿಸುತ್ತದೆ, ಈ ವಯಸ್ಸಿನಲ್ಲಿ ನಿಮಗೆ ಅಕ್ಷರಾಭ್ಯಾಸವೇಕೆ?” ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಕನ್ನಡನಾಡಿನಲ್ಲಿ ಹತ್ತು ವರ್ಷ ನೆಲಸಿಯೂ ಹತ್ತು ಕನ್ನಡದ ಮಾತು ಕಲಿಯದವರನ್ನು ಕುರಿತು ತರಗತಿಯಲ್ಲಿಯೂ ಸಭೆಯಲ್ಲಿಯೂ ಕೊರಗುವ ನಾನು ಪರರ ಮನೆಗೆ ಮೂಕನಾಗಿ ಹೋಗುವುದು ನ್ಯಾಯವೇ? ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರವಿರಲಿಲ್ಲ. ಹೊರಡಲು ಮೂರು ತಿಂಗಳಿದ್ದವು. ನಲವತ್ತಾರರ ಮೇಷ್ಟರು ಮತ್ತೆ ವಿದ್ಯಾರ್ಥಿಯಾದರು.

ಮೊದಲು ಎದುರಾದದ್ದು ಲಿಪಿ. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳು, ಒಂದೊಂದರಲ್ಲಿಯೂ 46 ಮೂಲಾಕ್ಷರಗಳು. ಇವುಗಳ ಜೊತೆಗೆ ಕಾಂಜಿ ಎಂಬ ಚೀನೀ ಮೂಲದ ಚಿಹ್ನೆಗಳು. ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ ಇವು 2136 ಇವೆ. ಕಾಂಜಿಗೆ ದೂರದಿಂದಲೇ ಕೈಮುಗಿದು ಹಿರಗಾನದ ಪಟ್ಟಿಯನ್ನು ತೆರೆದರೆ ಅಲ್ಲೊಂದು ಅಚ್ಚರಿ ಕಾದಿತ್ತು: ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯದೇ ನಡಿಗೆ! ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕಾಗಿ ಅಭ್ಯಸಿಸುತ್ತಿದ್ದ ಸಿದ್ಧಂ ಲಿಪಿಯ ಪ್ರಭಾವದಿಂದ ಈ ಕ್ರಮ ಮೂಡಿತೆಂದು ವಿದ್ವಾಂಸರು ಹೇಳುತ್ತಾರೆ. ‘ಮ’ಕಾರದ ಮುಂಚೆ ನಮ್ಮ ‘ಪ’ ನಿಲ್ಲುವ ಎಡೆಯಲ್ಲಿ ಅಲ್ಲಿ ‘ಹ’ ನಿಂತಿದೆ. ಒಂದು ಕಾಲಕ್ಕೆ ಅದೂ ‘ಪ’ಕಾರವೇ ಆಗಿದ್ದು ಕ್ರಮೇಣ ‘ಹ’ಕಾರವಾಯಿತಂತೆ. ‘ಪಾಲ್’ ‘ಹಾಲು’ ಆದ ಬಗೆಯನ್ನು ವರ್ಷವರ್ಷವೂ ಪಾಠ ಹೇಳುವವನಿಗೆ ಇದು ಹಳೆಯ ಪರಿಚಿತರನ್ನು ದೂರದೂರಿನಲ್ಲಿ ಕಂಡಂತಾಯಿತು.

ವಾಕ್ಯರಚನೆಯಂತೂ ಕನ್ನಡಿಗನಿಗೆ ತನ್ನ ಮನೆಯಂಗಳವೇ ಸರಿ. ‘ವತಾಶಿ ವ ಹೊನ್ ಒ ಯೊಮಿಮಸು’ ಎಂದರೆ ‘ನಾನು ಪುಸ್ತಕವನ್ನು ಓದುತ್ತೇನೆ’. ಕರ್ತೃ, ಕರ್ಮ, ಕ್ರಿಯೆ ಅದೇ ಸಾಲಿನಲ್ಲಿ ಬಂದು ಕೂರುತ್ತವೆ. ನಮ್ಮ ‘ಅನ್ನು’ವಿನ ಕೆಲಸವನ್ನು ‘ಒ’ ಮಾಡುತ್ತದೆ, ‘ಗೆ’ಯ ಕೆಲಸವನ್ನು ‘ನಿ’ ಮಾಡುತ್ತದೆ. ಪ್ರಶ್ನೆ ಕೇಳಬೇಕಾದರೆ ಕೊನೆಗೊಂದು ‘ಕ’ ಸೇರಿಸಿದರಾಯಿತು. ಜನರನ್ನು ಎಣಿಸುವಾಗ ನಾವು ಒಂದು, ಎರಡು ಎನ್ನದೆ ಒಬ್ಬರು, ಇಬ್ಬರು ಎನ್ನುವಂತೆ ಅವರೂ ‘ಹಿತೊರಿ’, ‘ಫುತರಿ’ ಎಂದು ಬೇರೆಯಾಗಿ ಎಣಿಸುತ್ತಾರೆ. ಸಮೀಪಕ್ಕೆ ‘ಕೊರೆ’, ದೂರಕ್ಕೆ ‘ಅರೆ’. ಇವೆರಡರ ನಡುವೆ, ಕೇಳುವವರ ಬಳಿಯಿರುವುದಕ್ಕೆ ‘ಸೊರೆ’. ಹಳಗನ್ನಡದಲ್ಲಿ ಇದು, ಅದುಗಳ ನಡುವೆ ‘ಉದು’ ಎಂಬುದೊಂದಿತ್ತಲ್ಲವೇ? ನಾವು ಕೈಬಿಟ್ಟ ‘ಉದು’ವಿಗೆ ಸಮೀಪವಾದ ಪದವೊಂದು ಅಲ್ಲಿ ಇಂದಿಗೂ ಅಂಗಡಿಬೀದಿಯಲ್ಲಿ ಓಡಾಡುತ್ತಿದೆ. ಇಂಥ ಹೋಲಿಕೆಗಳಿಂದ ರಕ್ತಸಂಬಂಧ ಸಾಧಿಸಲು ಹೊರಡುವುದು ಸಲ್ಲದು. ತಮಿಳಿಗೂ ಜಪಾನಿಗೂ ನಂಟು ಹೇಳಿದ ಸುಸುಮು ಓನೊ ಅವರ ವಾದವನ್ನು ಬಹುಮಂದಿ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ಆದರೆ ಕಲಿಯುವವನಿಗೆ ರಕ್ತಸಂಬಂಧವೇ ಬೇಕೆಂದಿಲ್ಲ, ನೆರೆಹೊರೆಯ ಸಲಿಗೆಯಿದ್ದರೂ ಸಾಕು.

ಕಿವಿಗೂ ಕನ್ನಡವೇ ಗುರು. ‘ಕತೆ’ಗೂ ‘ಕತ್ತೆ’ಗೂ ಭೇದ ಬಲ್ಲವನು ‘ಕಿತೆ’ಗೂ ಅಂಚೆಚೀಟಿ ಎಂಬ ಅರ್ಥದ ‘ಕಿತ್ತೆ’ಗೂ ಇರುವ ಭೇದಕ್ಕೆ ತಡಕಾಡಬೇಕಾಗಿಲ್ಲ. ‘ಒಬಸನ್’ ಅತ್ತೆ ಚಿಕ್ಕಮ್ಮಂದಿರು, ‘ಒಬಾಸನ್’ ಅಜ್ಜಿ. ಒಂದು ದೀರ್ಘ ಜಾರಿದರೆ ಎದುರಿನ ಮಹಿಳೆಗೆ ಇಪ್ಪತ್ತು ವರ್ಷ ಕೂಡಿಸಿದಂತೆ! ಲಘು ಗುರುಗಳನ್ನು ಎಣಿಸಿ ಬಳಗಿದವರಿಗೆ ಮಾತ್ರೆಯ ಮಹಿಮೆಯನ್ನು ವಿವರಿಸಬೇಕೆ?

ಕಷ್ಟವಿರುವುದು ವಿನಯದಲ್ಲಿ. ಪರರ ಹೆಸರಿಗೆ ‘ಸಾನ್’ ಸೇರಿಸಬೇಕು, ತನ್ನ ಹೆಸರಿಗೆ ಕೂಡದು. ಪರರೊಡನೆ ಮಾತನಾಡುವಾಗ ತನ್ನ ತಾಯಿ ‘ಹಹ’, ಅವರ ತಾಯಿ ‘ಒಕಾಸನ್’. ಊಟಕ್ಕೆ ಮುನ್ನ ‘ಇತದಕಿಮಸು’ ಎನ್ನುತ್ತಾರೆ. ನಮ್ರವಾಗಿ ಸ್ವೀಕರಿಸುತ್ತೇನೆ ಎಂದು ಅದರ ಭಾವ. ‘ಸುಮಿಮಸೆನ್’ ಎಂಬ ಒಂದೇ ಮಾತು ಕ್ಷಮೆಗೂ ಕೃತಜ್ಞತೆಗೂ ಅಪರಿಚಿತರನ್ನು ಕರೆಯುವುದಕ್ಕೂ ಒದಗುತ್ತದೆ. ಇಂಥವನ್ನು ಬಾಯಿಪಾಠ ಮಾಡಿದರೆ ಸಾಲದು. ಯಾರೆದುರು ಎಷ್ಟು ಬಾಗಬೇಕೆಂಬ ಅರಿವೂ ಜೊತೆಗೆ ಬರಬೇಕು.

ಈಗ ನನ್ನ ಸಂಪತ್ತು ಸುಮಾರು ಇನ್ನೂರು ಶಬ್ದ. ನಾನು ದಾರಿ ಕೇಳಿದರೆ ಬರುವ ಉತ್ತರದಲ್ಲಿ ಅರ್ಧವೂ ನನಗೆ ತಿಳಿಯದೆ ಹೋದೀತು. ಆಗ ಫೋನಿಗೇ ಶರಣು. ಆದರೂ ಮೊದಲ ಮಾತು ಅವರ ಭಾಷೆಯಲ್ಲಿರುತ್ತದೆ. ನಮ್ಮ ಊರಿನ ಅಂಗಡಿಯಲ್ಲಿ ಪರದೇಶದವರೊಬ್ಬರು ತೊದಲುತ್ತ ‘ನಮಸ್ಕಾರ’ ಎಂದಾಗ ಅಂಗಡಿಯವರ ಮುಖ ಅರಳುವುದನ್ನು ಯಾರು ಕಂಡಿಲ್ಲ? ಅಷ್ಟನ್ನು ಟೋಕಿಯೋದ ಒಬ್ಬ ಅಂಗಡಿಯವರಿಗಾದರೂ ನಾನು ಸಲ್ಲಿಸಬಲ್ಲೆನಾದರೆ, ಮೂರು ತಿಂಗಳ ಅಭ್ಯಾಸ ವ್ಯರ್ಥವಲ್ಲ.