ಸಾಬೂನು ತಯಾರಿಕೆ: ಮಿಶ್ರಣದ ಹದ ಕೆಡಲು ಕಾರಣಗಳು ಮತ್ತು ಪರಿಹಾರ

ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ,

ಮಹಿಳಾ ಸ್ವಸಹಾಯ ಸಂಘಗಳು ಕೈಗೊಳ್ಳುವ ಕಿರು ಉದ್ಯಮಗಳಲ್ಲಿ ತೆಂಗಿನೆಣ್ಣೆ ಸಾಬೂನಿನ ತಯಾರಿಕೆಯೂ ಒಂದು. ಮಿಶ್ರಣದ ಹದ ಕೆಟ್ಟರೆ ಎಣ್ಣೆಯ ವೆಚ್ಚ ವ್ಯರ್ಥವಾಗಿ ಸಾಲದ ಕಂತು ಹೊರೆಯಾಗುತ್ತದೆ. ಕೆಟ್ಟದ್ದನ್ನೇ ಮಾರಿದರೆ ಬಳಸುವವರ ಚರ್ಮ ಸುಡುತ್ತದೆ. ಹದಗೇಡಿನ ಕಾರಣಗಳನ್ನು ಸದಸ್ಯರು ಅರಿತಿದ್ದಲ್ಲಿ, ಘಟಕವನ್ನು ವಿಫಲವೆಂದು ಕೈಬಿಡುವ ಮುನ್ನ ಸೂಕ್ತ ಮಾರ್ಗದರ್ಶನ ನೀಡಬಹುದು.

1. ಅಳತೆಯ ದೋಷ: 1 ಕೆ.ಜಿ. ತೆಂಗಿನೆಣ್ಣೆ ಪೂರ್ಣವಾಗಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಸುರಕ್ಷತೆಗಾಗಿ ಶೇ. 5ರಷ್ಟು ತಗ್ಗಿಸಿ 174 ಗ್ರಾಂ ಬಳಸುವುದು ರೂಢಿ. ಆದರೆ 1 ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ ಮಾತ್ರ. ಅದಕ್ಕೆ 168 ಗ್ರಾಂ ಸಾಕು. ಲೀಟರಿನಲ್ಲಿ ಅಳೆದು 174 ಗ್ರಾಂ ಹಾಕಿದರೆ ಸುಮಾರು 6 ಗ್ರಾಂ ಸೋಡಾ ಸಾಬೂನಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಎಣ್ಣೆ, ನೀರು, ಸೋಡಾ ಮೂರನ್ನೂ ತೂಕ ಮಾಡಿಯೇ ಬಳಸತಕ್ಕದ್ದು. ಹರಳೆಣ್ಣೆಗೆ ಕೆ.ಜಿ.ಗೆ ಸುಮಾರು 128 ಗ್ರಾಂ ಸಾಕಾಗುವುದರಿಂದ ಒಂದರ ಅಳತೆ ಮತ್ತೊಂದಕ್ಕೆ ಸಲ್ಲದು.

2. ಹುಸಿ ಹದ: ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಮುಂಜಾನೆ ಮಿಶ್ರಣ ಗಟ್ಟಿಯಾದಂತೆ ಕಂಡರೂ ಅದು ಸಾಬೂನಾಗಿರುವುದಿಲ್ಲ. ಮೆಲ್ಲನೆ 40 ಡಿಗ್ರಿಯವರೆಗೆ ಬಿಸಿ ಮಾಡಿ ಪುನಃ ಕಲಕಬೇಕು.

3. ಥಟ್ಟನೆ ಗಟ್ಟಿಯಾಗುವುದು: ಅತಿಯಾದ ಬಿಸಿ ಹಾಗೂ ಲವಂಗದೆಣ್ಣೆಯಂತಹ ಸುಗಂಧಗಳು ಇದಕ್ಕೆ ಕಾರಣ. ಸುಗಂಧವನ್ನು ಕೊನೆಯಲ್ಲಿ ಸೇರಿಸಿ, ಯಂತ್ರ ಬಳಸದೆ ಕೈಸೌಟಿನಿಂದ ಕಲಕಿ ಕೂಡಲೇ ಅಚ್ಚಿಗೆ ತುಂಬಬೇಕು.

4. ಎಣ್ಣೆ ಬೇರ್ಪಡುವುದು: ಕಲಕಿದ್ದು ಸಾಲದಿದ್ದರೆ ಅಥವಾ ಅಳತೆ ತಪ್ಪಿದರೆ ಹೀಗಾಗುತ್ತದೆ. ಅಚ್ಚಿನಲ್ಲಿ ನಿಂತ ನೀರು ಕ್ಷಾರಯುಕ್ತವಾಗಿರಬಹುದು, ಬರಿಗೈಯಿಂದ ಮುಟ್ಟಬಾರದು. ಅಳತೆ ಸರಿಯಿದ್ದುದು ಖಚಿತವಾದಲ್ಲಿ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಕೂಡಿಸಬಹುದು. ಅಳತೆಯ ಬಗ್ಗೆ ಸಂದೇಹವಿದ್ದಲ್ಲಿ ಮಾರತಕ್ಕದ್ದಲ್ಲ.

5. ಬಿಳಿ ಹರಳುಗಳು: ಕರಗದೆ ಉಳಿದ ಸೋಡಾ ಇದಾಗಿರಬಹುದು. ದ್ರಾವಣವು ತಿಳಿಯಾದ ನಂತರವೇ ಎಣ್ಣೆಗೆ ಬೆರೆಸಬೇಕು. ಸೋಡಾ ಗಾಳಿಯ ತೇವವನ್ನು ಹೀರಿ ಸತ್ವ ಕಳೆದುಕೊಳ್ಳುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಸುರಕ್ಷತೆ: ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ನಿಷಿದ್ಧ. ಕೈಗವಸು ಮತ್ತು ಕಣ್ಣಿನ ರಕ್ಷಣಾ ಕನ್ನಡಕ ಕಡ್ಡಾಯ, ಮಕ್ಕಳನ್ನು ದೂರವಿಡಬೇಕು. ಬಿಲ್ಲೆಗಳನ್ನು 4ರಿಂದ 6 ವಾರ ಒಣಗಿಸಿದ ನಂತರವೇ ಬಳಸಬೇಕು.

ಸ್ನಾನದ ಸಾಬೂನನ್ನು ಮಾರಾಟಕ್ಕಾಗಿ ತಯಾರಿಸಲು ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ ಅಡಿಯಲ್ಲಿ ಪರವಾನಗಿ ಅಗತ್ಯ. ಸದಸ್ಯರು ತಮ್ಮ ವ್ಯಾಪ್ತಿಯ ಘಟಕಗಳಿಗೆ ಭೇಟಿ ನೀಡಿ, ತೂಕದ ಯಂತ್ರ, ರಕ್ಷಣಾ ಸಾಮಗ್ರಿ ಹಾಗೂ ಪ್ರತಿ ಬಾರಿಯ ಅಳತೆ ಬರೆದಿಡುವ ಪುಸ್ತಕ ಇರುವುದನ್ನು ಪರಿಶೀಲಿಸಲು ಕೋರಲಾಗಿದೆ.