ಊಹೆಗೆ ಸಿಕ್ಕ ಸೀಕ್ವೆನ್ಸ್ ನಂಬರ್

2021824000. 2021952000. 2022080000.

1994ರ ಡಿಸೆಂಬರ್ 25ರ ಮಧ್ಯಾಹ್ನ, ಸ್ಯಾನ್ ಡಿಯಾಗೋ ಸೂಪರ್‌ಕಂಪ್ಯೂಟರ್ ಸೆಂಟರ್‌ನ ವಿಜ್ಞಾನಿ ತ್ಸುಟೊಮು ಶಿಮೊಮುರಾ ಅವರ ಕಂಪ್ಯೂಟರೊಂದು ಹೊರಗಿನ ಕೋರಿಕೆಗಳಿಗೆ ಕೊಟ್ಟ ಉತ್ತರಗಳಲ್ಲಿದ್ದ ಅಂಕಿಗಳಿವು. ಕಳೆದು ನೋಡಿ: ಪ್ರತಿ ಸಲವೂ ಸರಿಯಾಗಿ 1,28,000 ಹೆಚ್ಚು. ಹೀಗೆ 20 ಕೋರಿಕೆಗಳು ಬಂದವು. ಕೇಳುತ್ತಿದ್ದವರಿಗೆ ಬೇಕಾಗಿದ್ದು ಸಂಪರ್ಕವಲ್ಲ, ಈ ಲೆಕ್ಕ.

ನೆಟ್‌ವರ್ಕ್ ಸೆಕ್ಯುರಿಟಿ ಪರೀಕ್ಷೆಗೆ ಕೂರುವವರೆಲ್ಲ ಟಿಸಿಪಿ ಹೆಡರ್ ಉರು ಹೊಡೆದಿರುತ್ತಾರೆ: ಪೋರ್ಟ್‌ಗಳು ತಲಾ 16 ಬಿಟ್, ಸೀಕ್ವೆನ್ಸ್ ನಂಬರ್ 32, ಅಕ್ನಾಲೆಜ್‌ಮೆಂಟ್ ನಂಬರ್ 32, ಒಟ್ಟು ಕನಿಷ್ಠ 20 ಬೈಟ್. ಸಂಪರ್ಕ ಶುರುವಾಗುವಾಗ ಒಂದು ಕಡೆಯವರು ಸಿನ್ ಕಳಿಸುತ್ತಾರೆ. ಎದುರಿನವರು ತಮ್ಮದೊಂದು ಆರಂಭದ ಅಂಕಿ ಕೊಡುತ್ತಾರೆ. ಅದಕ್ಕೆ ಒಂದು ಕೂಡಿಸಿ ಅಕ್ ಕಳಿಸಿದರೆ ಬಾಗಿಲು ತೆರೆದಂತೆ. 1981ರ ಆರ್‌ಎಫ್‌ಸಿ 793ರ ಪ್ರಕಾರ ಆ ಆರಂಭದ ಅಂಕಿ ಸುಮಾರು 4 ಮೈಕ್ರೋಸೆಕೆಂಡಿಗೊಮ್ಮೆ ಒಂದೊಂದೇ ಏರುವ ಗಡಿಯಾರದಿಂದ ಬರಬೇಕು. ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ನುಸುಳಬಾರದು ಎಂಬುದಷ್ಟೇ ಅದರ ಉದ್ದೇಶ. ಎದುರಿಗಿರುವುದು ಯಾರು ಎಂದು ಸಾಬೀತು ಮಾಡುವ ಹೊಣೆಯನ್ನು ಅದಕ್ಕೆ ಯಾರೂ ಹೊರಿಸಿರಲಿಲ್ಲ.

ಆದರೂ ಹೊರೆ ಅದರ ಮೇಲೇ ಬಿತ್ತು. ಯುನಿಕ್ಸ್‌ನ ಆರ್‌ಎಸ್‌ಎಚ್‌ನಂಥ ಸೇವೆಗಳು ಕಳಿಸಿದವರ ಐಪಿ ವಿಳಾಸ ನಂಬುಗೆಯ ಪಟ್ಟಿಯಲ್ಲಿದ್ದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತಿದ್ದವು. ವಿಳಾಸ ಖೋಟಾ ಇರಬಹುದಾದ್ದರಿಂದ, ಕೊನೆಗೆ ಅವು ನೆಚ್ಚಿಕೊಂಡದ್ದು ಅಕ್‌ನಲ್ಲಿರುವ ಸರಿಯಾದ ಅಂಕಿಯನ್ನೇ. ಸರದಿಯ ಟೋಕನ್ನನ್ನೇ ಗುರುತಿನ ಚೀಟಿ ಎಂದು ನಂಬಿದ ಹಾಗೆ.

ಈ ದೋಷವನ್ನು ಮೊದಲು ಬರೆದು ತೋರಿಸಿದ್ದು 1985ರ ಫೆಬ್ರವರಿಯಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಬರೆದವನು 19 ವರ್ಷದ ರಾಬರ್ಟ್ ಟಿ. ಮಾರಿಸ್, ಮೂರು ವರ್ಷಗಳ ನಂತರ ಇಂಟರ್‌ನೆಟ್ಟಿಗೆ ವರ್ಮ್ ಬಿಟ್ಟು ಕುಖ್ಯಾತನಾದ ಅದೇ ಹುಡುಗ. 4.2 ಬಿಎಸ್‌ಡಿ ಯುನಿಕ್ಸ್‌ನ ಅಂಕಿ ಸೆಕೆಂಡಿಗೆ 128, ಪ್ರತಿ ಹೊಸ ಸಂಪರ್ಕಕ್ಕೆ 64 ಏರುತ್ತಿತ್ತು. ಅವನ ವಾದ ಇಷ್ಟು: ನಂಬಿಕಸ್ಥ ಕಂಪ್ಯೂಟರಿನ ವಿಳಾಸ ಹಾಕಿ ನಾನು ಸಿನ್ ಕಳಿಸಿದರೆ ಉತ್ತರ ಹೋಗುವುದು ಆ ಕಂಪ್ಯೂಟರಿಗೆ, ನನಗಲ್ಲ. ಆದರೆ ಉತ್ತರದಲ್ಲಿರುವ ಅಂಕಿ ಮೊದಲೇ ಗೊತ್ತಿದ್ದರೆ ಅದನ್ನು ನೋಡುವ ಅಗತ್ಯವಾದರೂ ಏನು? 1989ರಲ್ಲಿ ಅದೇ ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲೋವಿನ್ ಇದನ್ನು ವಿಸ್ತರಿಸಿ ಇನ್ನೊಮ್ಮೆ ಎಚ್ಚರಿಸಿದರು. ಹೆಚ್ಚಿನವರು ಕಿವಿಗೊಡಲಿಲ್ಲ.

ಎಚ್ಚರಿಕೆ ನಿಜವಾಗಿದ್ದು ಶಿಮೊಮುರಾ ಅವರ ಪ್ಯಾಕೆಟ್ ಲಾಗ್‌ನಲ್ಲಿ. ದಾಳಿಕೋರರು ಮೊದಲು ಶಿಮೊಮುರಾ ಅವರ ಕಂಪ್ಯೂಟರ್ ನಂಬುತ್ತಿದ್ದ ಸರ್ವರ್‌ನ ಒಂದು ಪೋರ್ಟಿಗೆ ಸಿನ್‌ಗಳ ಸುರಿಮಳೆಗರೆದು ಅದರ ಬಾಯಿ ಕಟ್ಟಿದರು. ಇಲ್ಲದಿದ್ದರೆ ತಾನು ಕೇಳದ ಉತ್ತರ ಬಂದಾಗ ಅದು ರಿಸೆಟ್ ಕಳಿಸಿ ಆಟ ಕೆಡಿಸುತ್ತಿತ್ತು. ಆಮೇಲೆ 20 ಪರೀಕ್ಷಾ ಕೋರಿಕೆಗಳು. ಕೊನೆಯ ಉತ್ತರ 2024256000. ಬಳಿಕ ಸರ್ವರ್‌ನ ಹೆಸರಲ್ಲಿ ಒಂದು ಖೋಟಾ ಸಿನ್, ಅರ್ಧ ಸೆಕೆಂಡಿನ ನಂತರ ಅಕ್: 2024384001. ಕೊನೆಯ ಅಂಕಿಗೆ 1,28,000 ಕೂಡಿಸಿ, ಮೇಲೊಂದು. ಉತ್ತರವನ್ನು ಕಣ್ಣಾರೆ ಕಾಣದೆಯೇ ಬಾಗಿಲು ತೆರೆಯಿತು. ಮರುಕ್ಷಣ ನಂಬುಗೆಯ ಪಟ್ಟಿಗೆ ಎರಡು ಕೂಡು ಚಿಹ್ನೆಗಳು ಸೇರಿದವು. ಅರ್ಥ, ಎಲ್ಲಿಂದ ಯಾರೇ ಬಂದರೂ ಒಳಗೆ ಬಿಡು. 1995ರ ಜನವರಿಯಲ್ಲಿ ಶಿಮೊಮುರಾ ಈ ಲಾಗ್ ಅನ್ನು ಸಾಲುಸಾಲಾಗಿ ವಿವರಿಸಿ ಪ್ರಕಟಿಸಿದಾಗ, ಹತ್ತು ವರ್ಷ ಕಾಗದದ ಮೇಲಿದ್ದ ದೋಷಕ್ಕೆ ಪುರಾವೆ ಸಿಕ್ಕಿತು.

1996ರ ಮೇ ತಿಂಗಳಲ್ಲಿ ಬೆಲೋವಿನ್ ಆರ್‌ಎಫ್‌ಸಿ 1948ರಲ್ಲಿ ಮದ್ದು ಹೇಳಿದರು: ಎರಡೂ ಕಡೆಯ ವಿಳಾಸ, ಪೋರ್ಟ್‌ಗಳು ಮತ್ತು ಒಂದು ಗುಟ್ಟಿನ ಮೌಲ್ಯ ಸೇರಿಸಿ ಹ್ಯಾಷ್ ಮಾಡಿ, ಬಂದದ್ದನ್ನು ಗಡಿಯಾರದ ಅಂಕಿಗೆ ಕೂಡಿಸಿ. ಆಗ ನನಗೆ ಸಿಕ್ಕ ಅಂಕಿಯಿಂದ ನಿಮ್ಮದನ್ನು ಲೆಕ್ಕ ಹಾಕಲಾಗದು. ಇದಕ್ಕಾಗಿ ಹೆಡರ್‌ನ ಒಂದು ಬಿಟ್ ಕೂಡ ಬದಲಾಗಲಿಲ್ಲ. ಪರೀಕ್ಷೆಯಲ್ಲಿ 32 ಎಂದು ಬರೆದರೆ ಅಂಕ ಸಿಗುತ್ತದೆ. ಕೆಲಸಕ್ಕೆ ಸೇರಿ ಲಾಗ್ ಓದುವಾಗ ನೋಡಬೇಕಾದ್ದು ಆ 32 ಬಿಟ್‌ಗಳು ಹೇಗೆ ತುಂಬಿವೆ ಎಂಬುದನ್ನು.