ಆಂತರಿಕ ಅಂಕವೂ ಒಂದು ವಿಮರ್ಶೆ

ದಲಿತ ವಿಮರ್ಶೆ ಎಂದಕೂಡಲೇ ನಾವು ಕಾದಂಬರಿ, ಕವಿತೆ, ಆತ್ಮಕಥೆಗಳ ಮಾತಿಗೆ ಇಳಿಯುತ್ತೇವೆ. ಅದು ಸಹಜವೇ. ಆದರೆ ಬೆಲೆ ಕಟ್ಟುವವರು ಯಾರು, ಯಾವ ಅಳತೆಗೋಲಿನಿಂದ ಎಂಬ ಪ್ರಶ್ನೆಯನ್ನು ಸಾಹಿತ್ಯದಲ್ಲಿ ಎತ್ತಿದ ನಾವು, ಬೆಲೆ ಕಟ್ಟುವ ಕೆಲಸ ದಿನನಿತ್ಯ ನಡೆಯುವ ಜಾಗವೊಂದನ್ನು ಬಿಟ್ಟೇಬಿಟ್ಟಿದ್ದೇವೆ. ಅದು ಕಾಲೇಜಿನ ಆಂತರಿಕ ಮೌಲ್ಯಮಾಪನ. ಕೊಡಗಿನಲ್ಲಿ ಸಂಶೋಧನಾ ವಿಧಾನದ ಪತ್ರಿಕೆ ಪಾಠ ಮಾಡುವ ನನಗೆ ಈ ಅಂಕಪಟ್ಟಿಯೂ ಒಂದು ವಿಮರ್ಶಾ ಬರಹ ಅನ್ನಿಸುತ್ತದೆ. ಅದರಲ್ಲಿ ಸಹಿ ಇರುತ್ತದೆ, ಕಾರಣ ಇರುವುದಿಲ್ಲ.

ಈ ಅಂಕ ಹೇಗೆ ಬರುತ್ತದೆ ಅಂತ ಮೊದಲು ನೋಡೋಣ. ಸೆಮಿಸ್ಟರ್ ಕೊನೆಯ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿರುವುದಿಲ್ಲ, ನೋಂದಣಿ ಸಂಖ್ಯೆ ಮಾತ್ರ. ಆಂತರಿಕ ಅಂಕ ಹಾಗಲ್ಲ. ಕಿರುಪರೀಕ್ಷೆ, ಅಸೈನ್‌ಮೆಂಟು, ಸೆಮಿನಾರು, ಹಾಜರಿ, 'ಚರ್ಚೆಯಲ್ಲಿ ಪಾಲ್ಗೊಳ್ಳುವಿಕೆ' ಇವೆಲ್ಲ ಸೇರಿ ಆಗುವ ಅದು, ಕಣ್ಣೆದುರು ಕೂತವರ ಮುಖ ನೋಡಿ ಹಾಕುವ ಅಂಕ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ಪದವಿ ತರಗತಿಗಳಿಗೆ ಬಂದಾಗ ಇದರ ಪಾಲು ನೂರಕ್ಕೆ 40 ಆಯಿತು. 2024ರಲ್ಲಿ ರಾಜ್ಯ ಆ ಚೌಕಟ್ಟನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಪಾಲು ಏರಲಿ ಇಳಿಯಲಿ, ಎಷ್ಟೋ ಸಲ ಒಬ್ಬರ ಮುಂದಿನ ದಾರಿ ತೀರ್ಮಾನವಾಗುವುದು ನಾಲ್ಕೈದು ಅಂಕಗಳ ಅಂತರದಲ್ಲೇ.

ಮುಖ ನೋಡುವ ಮುಂಚೆ ಹೆಸರು ಕಾಣುತ್ತದೆ. ಕೊಡಗಿನ ಹಾಜರಿ ಪುಸ್ತಕದಲ್ಲಿ ಕೊಡವರ ಹೆಸರಿನ ಮುಂದೆ ಒಕ್ಕದ ಹೆಸರಿದೆ, ಅರೆಭಾಷೆ ಗೌಡರಿಗೂ ಮನೆತನದ ಹೆಸರಿದೆ. ಬರೀ ಒಂದು ಹೆಸರು, ಒಂದು ಇನಿಷಿಯಲ್ ಇದ್ದರೆ ಅದು ತೋಟದ ಲೈನ್‌ಮನೆಯ ಮಗುವೇ ಅಂತ ಊಹಿಸಲು ಮೇಷ್ಟ್ರಿಗೆ ಕಷ್ಟವಿಲ್ಲ. ಹೆಸರು ಕಂಡರೆ ಏನಾಗುತ್ತದೆ? ರೇಮಾ ಹನ್ನಾ ಮತ್ತು ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ನಗರವೊಂದರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿ, 2012ರಲ್ಲಿ ಪ್ರಕಟಿಸಿದರು. ಮಕ್ಕಳ ಉತ್ತರಪತ್ರಿಕೆಗಳಿಗೆ ಬೇಕಂತಲೇ ಬೇರೆ ಬೇರೆ ಜಾತಿಯ ಗುರುತು ಹಚ್ಚಿ ಶಿಕ್ಷಕರಿಗೆ ಕೊಟ್ಟರು. 'ಕೆಳಜಾತಿ' ಎಂಬ ಗುರುತಿದ್ದ ಪತ್ರಿಕೆಗಳಿಗೆ ಸರಾಸರಿಯಲ್ಲಿ ಅಂಕ ಕಡಿಮೆ ಬಿತ್ತು. ಅಂತರ ದೊಡ್ಡದಲ್ಲ, ಆದರೆ ಇತ್ತು. ನಮ್ಮ ಗೆಳೆಯರಿಗೆ ಹಿಡಿಸದ ಇನ್ನೊಂದು ಸಂಗತಿಯೂ ಅದರಲ್ಲಿದೆ: ಈ ತಾರತಮ್ಯ ಹೆಚ್ಚಾಗಿ ಕಂಡದ್ದು ಕೆಳಜಾತಿಯ ಶಿಕ್ಷಕರಲ್ಲಿ. ಯಜಮಾನಿಕೆಯ ಅಳತೆಗೋಲು ಯಾರ ಕೈಗೂ ಬರಬಹುದು ಅಂತಾಯಿತು. ಕಟ್ಟಿನಲ್ಲಿ ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲೇ ತಾರತಮ್ಯ ಹೆಚ್ಚು ಎಂಬುದೂ ಗೊತ್ತಾಯಿತು. ಅಳತೆ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗದಿದ್ದಾಗ ಜಾತಿ ಅಳತೆಯಾಗಿಬಿಡುತ್ತದೆ.

ಬರಹದ ಮೇಲಿನ ಹೆಸರನ್ನಾದರೂ ಮುಚ್ಚಬಹುದು. ಮಾತಿನ ಕತೆ ಬೇರೆ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿ ವಿಚಾರಿಸಿದ ಸುಖದೇವ್ ಥೋರಟ್ ಸಮಿತಿಯ 2007ರ ವರದಿಯಲ್ಲಿ ಮೌಖಿಕ ಪರೀಕ್ಷೆಯ ಬಗ್ಗೆ ಬಂದ ದೂರುಗಳನ್ನು ಓದಬೇಕು. 2023ರಲ್ಲಿ ನಮ್ಮ ರಾಜ್ಯ ಶಿಕ್ಷಣ ನೀತಿ ಆಯೋಗಕ್ಕೂ ಅದೇ ಥೋರಟ್ ಅಧ್ಯಕ್ಷರಾದರು.

'ಪಾಲ್ಗೊಳ್ಳುವಿಕೆ' ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಕೈಯೆತ್ತಿ ಮಾತಾಡುವುದು. ಮನೆಯಲ್ಲಿ ರಾವುಳ ಅಥವಾ ಜೇನುಕುರುಬರ ಮಾತು, ತೋಟದಲ್ಲಿ ಧಣಿಯ ಭಾಷೆ, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಗ್ರಂಥಸ್ಥ ಕನ್ನಡ ಎಂದು ದಿನಕ್ಕೆ ನಾಲ್ಕು ಸಲ ನಾಲಿಗೆ ಬದಲಿಸುವ ಹುಡುಗ ಕೈಯೆತ್ತುವ ಮೊದಲು ಎರಡು ಸಲ ಯೋಚಿಸುತ್ತಾನೆ. ಅಷ್ಟರಲ್ಲಿ ಇನ್ನೊಬ್ಬರು ಮಾತು ಮುಗಿಸಿರುತ್ತಾರೆ. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅಂಬೇಡ್ಕರ್ ಅವರನ್ನು ಬೋರ್ಡಿಗೆ ಕರೆದಾಗ, ಅದರ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ಸರಿಸಲು ಸವರ್ಣ ಹುಡುಗರು ಓಡಿದ ಪ್ರಸಂಗ ಅವರ ಜೀವನ ಚರಿತ್ರೆಯಲ್ಲಿದೆ. ಅದೇ ಅಂಬೇಡ್ಕರ್ 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಕುರಿತು ಪ್ರಬಂಧ ಮಂಡಿಸಿದರು. ಸೆನಾರ್ಟ್, ನೆಸ್ಫೀಲ್ಡ್, ರಿಸ್ಲಿ, ಕೇತ್ಕರ್ ಕೊಟ್ಟ ವ್ಯಾಖ್ಯೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದ ಆ ಬರಹ ಸಂಶೋಧನಾ ವಿಧಾನದ ಪಾಠವೂ ಹೌದು. ಆ ಹುಡುಗನಿಗೆ ಮಾತು ಬರುತ್ತಿರಲಿಲ್ಲ ಅಂತ ಹೇಳುವವರು ಯಾರು?

ಈ ಪತ್ರಿಕೆಯಲ್ಲೇ ಈ ಪ್ರಶ್ನೆ ಹೆಚ್ಚು ಚುಚ್ಚಲು ಕಾರಣವಿದೆ. 1952ರಲ್ಲಿ ಬಂದ ಎಂ.ಎನ್. ಶ್ರೀನಿವಾಸರ ಕೊಡವ ಅಧ್ಯಯನವಿಲ್ಲದೆ ನಮ್ಮಲ್ಲಿ ಕ್ಷೇತ್ರಕಾರ್ಯದ ಪಾಠ ಆಗುವುದಿಲ್ಲ. ಅದರಲ್ಲಿ ಪೊಲೆಯರೂ ಮೇದರೂ ಇದ್ದಾರೆ, ಆದರೆ ಅವರನ್ನು ನಾವು ನೋಡುವುದು ಒಕ್ಕದ ಅಂಗಳದಿಂದ. ಆ ಸಮುದಾಯಗಳ ಮಕ್ಕಳು ಈಗ ಬೆಂಚಿನ ಮೇಲೆ ಕೂತಿದ್ದಾರೆ. ತೋಟದ ರೈಟರು ಪಕ್ಕದಲ್ಲಿ ನಿಂತಿದ್ದರೆ ಕೂಲಿಯ ಪ್ರಶ್ನೆಗೆ ಬರುವ ಉತ್ತರವೇ ಬೇರೆ, ರಾತ್ರಿ ಒಲೆ ಮುಂದೆ ಕೇಳಿದರೆ ಬರುವುದೇ ಬೇರೆ ಅಂತ ಅವರಿಗೆ ಗೊತ್ತು. ಮತದಾರರ ಪಟ್ಟಿಯಿಂದ ಮಾದರಿ ಆರಿಸಿ ಅಂತ ಪಠ್ಯ ಹೇಳುತ್ತದೆ; ಒಂದು ತೋಟದ ಲೈನಿನಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಲೇ ಇರುವ ಕುಟುಂಬ ಆ ಪಟ್ಟಿಯಲ್ಲಿ ಎಲ್ಲಿ ಸಿಗುತ್ತದೆ? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಯಾರ ಗುಡಿಸಲು ಕೆಡವಿದರೋ ಆ ಆದಿವಾಸಿಗಳಲ್ಲಿ ಬಹಳಷ್ಟು ಮಂದಿ ಇಂಥ ಲೈನುಗಳಿಂದ ಬಂದವರೇ. ಇದು ಬರೀ ಅನುಭವವಲ್ಲ, ವಿಧಾನದ ತಿಳುವಳಿಕೆ. ಆದರೆ ತರಗತಿ ಅದನ್ನು 'ಅನುಭವ' ಎಂದು ಮೆಚ್ಚಿ, 'ಸಿದ್ಧಾಂತ'ದ ಅಂಕವನ್ನು ಬೇರೆಯವರಿಗೆ ಕೊಡುತ್ತದೆ. ಸಮಾಜವಿಜ್ಞಾನಗಳಲ್ಲಿ ಸಿದ್ಧಾಂತ ಕೆಲವರ ಪಾಲಿಗೆ, ಮಾಹಿತಿ ಸಂಗ್ರಹದ ಚಾಕರಿ ಉಳಿದವರ ಪಾಲಿಗೆ ಎಂದು ಗೋಪಾಲ್ ಗುರು 2002ರಲ್ಲೇ ವಾದಿಸಿದ್ದರು. ದಲಿತ ಕೃತಿಯಲ್ಲಿ ಬದುಕಿದೆ, ಕಲೆ ಇಲ್ಲ ಎನ್ನುವ ನಮ್ಮ ಹಳೆಯ ವಿಮರ್ಶೆಯೂ ಇದೇ ಜಾತಿಯದು.

ಹಾಜರಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶೇಕಡಾ 75ರ ನಿಯಮ ಎಲ್ಲರಿಗೂ ಒಂದೇ. ಕಾಫಿ ಕುಯ್ಲು ಎಲ್ಲರಿಗೂ ಒಂದೇ ಅಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಯಲು ಹೋದವರ ಗೈರುಹಾಜರಿ ತೋಟದ ಚೆಕ್‌ರೋಲಿನಲ್ಲಿ ಹಾಜರಿಯಾಗಿರುತ್ತದೆ. ಹಾಜರಿಗೆ ಅಂಕ ಕೊಡುವುದೆಂದರೆ ಬಿಡುವಿಗೆ ಅಂಕ ಕೊಟ್ಟ ಹಾಗೆ. 75 ಮುಟ್ಟಿದರೆ ಪರೀಕ್ಷೆಗೆ ಕೂರಲಿ, ಅದರಾಚೆಗೆ ಅಂಕ ಬೇಡ.

ನಾನು ಅನುಸರಿಸುವ ಕ್ರಮ ಇಷ್ಟು. ಯಾವುದಕ್ಕೆ ಎಷ್ಟು ಅಂಕ, ಯಾಕೆ ಅಂತ ಮೊದಲ ವಾರವೇ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ. ಅಸೈನ್‌ಮೆಂಟಿನ ಮುಖಪುಟದಲ್ಲಿ ಹೆಸರು ಬೇಡ, ಕೊನೆಯ ಪುಟದ ಹಿಂದೆ ರೋಲ್ ನಂಬರ್ ಸಾಕು. ಮೊದಲ ಹತ್ತು ಪತ್ರಿಕೆಗಳನ್ನು ಕಟ್ಟು ಮುಗಿದ ಮೇಲೆ ಮತ್ತೆ ತಿದ್ದುತ್ತೇನೆ. ಪಾಲ್ಗೊಳ್ಳುವಿಕೆಯ ಅಂಕವನ್ನು ಮಾತಿಗೆ ಮಾತ್ರ ಕಟ್ಟಿಲ್ಲ. ಚರ್ಚೆಯಾದ ಮೇಲೆ ಹತ್ತು ನಿಮಿಷದಲ್ಲಿ ಬರೆದ ಅರ್ಧ ಪುಟ, ಕ್ಷೇತ್ರಕಾರ್ಯದ ದಿನಚರಿ, ಬೇರೆಯವರ ಪ್ರಶ್ನಾವಳಿಯಲ್ಲಿ ಕಂಡು ಹಿಡಿದ ದೋಷ ಇವೆಲ್ಲ ಲೆಕ್ಕಕ್ಕೆ. ಮನೆಮಾತಿನ ಪದ ಬಂದರೆ ಅಂಕ ಕಡಿಯುವುದಿಲ್ಲ. ಪ್ರತಿ ಅಂಕದ ಪಕ್ಕ ಒಂದು ಸಾಲು ಕಾರಣ.

'ಗುಣಮಟ್ಟ ಇಳಿಯುತ್ತದೆ' ಅಂತ ಸಹೋದ್ಯೋಗಿಗಳು ಹೇಳುವುದುಂಟು. ಕಾರಣ ಬರೆಯಬೇಕಾದಾಗ ಗುಣಮಟ್ಟ ಏರುವುದೇ ಹೆಚ್ಚು. ಚಳವಳಿಯ ಗೆಳೆಯರು ಇನ್ನೊಂದು ತುದಿಯಿಂದ ಕೇಳುತ್ತಾರೆ: ನಮ್ಮ ಹುಡುಗರಿಗೆ ಪೂರ್ತಿ ಅಂಕ ಹಾಕಿಬಿಡಬಾರದೇ? ನಾನು ಒಪ್ಪುವುದಿಲ್ಲ. ಕೃಪಾಂಕ ಎಂಬ ಪದದಲ್ಲೇ ಕೃಪೆ ಇದೆ. ಪ್ರಶ್ನಾವಳಿ ಸಡಿಲವಾಗಿದ್ದರೆ ಅದು ಯಾರದ್ದೇ ಆಗಲಿ ಸಡಿಲವೇ, ಹಾಗಂತ ಹೇಳಿಸಿಕೊಳ್ಳುವ ಹಕ್ಕೂ ವಿದ್ಯಾರ್ಥಿಗಿದೆ.

ವೈವಾ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ. 'ನಿಮ್ಮದು ಯಾವೂರು, ಯಾವ ಮನೆ?' ಎಂಬ ಮೊದಲ ಪ್ರಶ್ನೆಗೆ ಅಂಕವಿಲ್ಲ ಅನ್ನುತ್ತಾರೆ, ಆದರೆ ಮುಂದಿನ ಪ್ರಶ್ನೆಗಳು ಅದರ ಉತ್ತರದ ಮೇಲೆಯೇ ನಿಂತಿರುತ್ತವೆ. ವಿದ್ಯಾರ್ಥಿ ಸಂಘಟನೆಗಳು ಸದ್ಯಕ್ಕೆ ಒಂದು ಬೇಡಿಕೆ ಇಡಬಹುದು: ಆಂತರಿಕ ಅಂಕ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಪ್ರತಿ ವಿದ್ಯಾರ್ಥಿಗೂ ಬಿಡಿಬಿಡಿಯಾಗಿ, ಕಾರಣದ ಸಮೇತ ತೋರಿಸಿ ಸಹಿ ಪಡೆಯಬೇಕು, ಆಕ್ಷೇಪಣೆಗೆ ಒಂದು ವಾರವಾದರೂ ಇರಬೇಕು.